ಬಸುರಿಯ ಬಿಪಿ, ಮಗುವಿನ ಮಿದುಳು: ನಡುವೆ ಇರುವುದು ಮಾಸು

2025ರ ಸೆಪ್ಟೆಂಬರ್ 22ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಮೈಕಿನ ಮುಂದೆ ನಿಂತು, ಗರ್ಭಿಣಿಯರು ಪ್ಯಾರಸಿಟಮಾಲ್ ನುಂಗಬೇಡಿ, ಅದಕ್ಕೂ ಮಕ್ಕಳಲ್ಲಿ ಕಾಣುವ ಆಟಿಸಂ ಎಂಬ ಮಿದುಳಿನ ಬೆಳವಣಿಗೆಯ ತೊಂದರೆಗೂ ನಂಟಿದೆ ಎಂದರು. ಅಲ್ಲಿ ಅದನ್ನು ಟೈಲೆನಾಲ್ ಎನ್ನುತ್ತಾರೆ. ನಮ್ಮಲ್ಲಿ ಅದೇ ಡೋಲೋ, ಅದೇ ಕ್ರೋಸಿನ್. ಆ ಮಾತು ಹಾಸನದ ವಾಟ್ಸ್‌ಆಪ್ ಗುಂಪುಗಳಿಗೆ ಬಂದು ಮುಟ್ಟಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮಳೆಗಾಲದ ಜ್ವರಕ್ಕೆ ಎರಡು ಮಾತ್ರೆ ನುಂಗಿದ್ದ ಬಸುರಿಯರಿಗೆ ರಾತ್ರಿ ನಿದ್ದೆ ಹೋಗಲು ಅಷ್ಟು ಸಾಕು.

ಮಾತ್ರೆಯ ವಿಚಾರವನ್ನು ಮೊದಲೇ ಮುಗಿಸಿಬಿಡುತ್ತೇನೆ. ಸ್ವೀಡನ್‌ನಲ್ಲಿ 1995ರಿಂದ 2019ರವರೆಗೆ ಹುಟ್ಟಿದ ಸುಮಾರು 24 ಲಕ್ಷ ಮಕ್ಕಳ ದಾಖಲೆ ಹಿಡಿದು ಮಾಡಿದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಸುಮ್ಮನೆ ಲೆಕ್ಕ ಹಾಕಿದರೆ ಪ್ಯಾರಸಿಟಮಾಲ್ ತೆಗೆದುಕೊಂಡ ತಾಯಂದಿರ ಮಕ್ಕಳಲ್ಲಿ ಆಟಿಸಂ ಕೂದಲೆಳೆಯಷ್ಟು ಹೆಚ್ಚು ಕಂಡಿತು. ಆಮೇಲೆ ಅವರು ಒಂದೇ ತಾಯಿಯ ಮಕ್ಕಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಅಣ್ಣ ಹೊಟ್ಟೆಯಲ್ಲಿದ್ದಾಗ ಮಾತ್ರೆ ನುಂಗಿದ್ದಳು, ತಂಗಿ ಇದ್ದಾಗ ನುಂಗಿರಲಿಲ್ಲ, ಇಬ್ಬರಲ್ಲಿ ವ್ಯತ್ಯಾಸ ಇದೆಯೇ? ಇರಲಿಲ್ಲ. ಅಂದರೆ ಮೊದಲು ಕಂಡ ಆ ಸಣ್ಣ ಅಂತರ ಮಾತ್ರೆಯದಲ್ಲ. ಮಾತ್ರೆ ಬೇಕಾಗುವಂತೆ ಮಾಡಿದ ಜ್ವರ, ತಲೆನೋವು, ಮನೆತನದ ವಂಶವಾಹಿ, ಇವುಗಳದ್ದು. ಬಸುರಿಗೆ ಬಂದ ಹೆಚ್ಚು ಜ್ವರವನ್ನು ಇಳಿಸದೆ ಬಿಡುವುದೇ ಮಗುವಿಗೆ ಅಪಾಯ.

ನನಗೆ ಬೇಸರವಾದದ್ದು ಬೇರೆ ಕಾರಣಕ್ಕೆ. ಬಸುರಿನ ತೊಡಕುಗಳು ಮಗುವಿನ ಮಿದುಳನ್ನು ಹೇಗೆ ಮುಟ್ಟುತ್ತವೆ ಎಂಬ ಬಗ್ಗೆ ಕಳೆದ ಇಪ್ಪತ್ತು ವರ್ಷಗಳಲ್ಲಿ ನಿಜಕ್ಕೂ ಒಳ್ಳೆಯ ಕೆಲಸ ಆಗಿದೆ. ಅದರಲ್ಲಿ ಒಂದಷ್ಟು ನಮ್ಮ ಮೈಸೂರಿನಲ್ಲೇ, ನಮ್ಮ ಬೆಳಗಾವಿಯಲ್ಲೇ ಆಗಿದೆ. ಅದೆಲ್ಲ ಸುದ್ದಿಯಾಗಲಿಲ್ಲ. ಸುದ್ದಿಯಾದದ್ದು ತಾಯಿಯ ಮೇಲೆ ತಪ್ಪು ಹೊರಿಸಲು ಬರುವ ಒಂದು ಮಾತ್ರೆ. ಗ್ರಹಣ ನೋಡಿದೆ, ಪಪ್ಪಾಯಿ ತಿಂದೆ, ಹೊಸ್ತಿಲ ಮೇಲೆ ಕೂತೆ ಎಂದು ಹೇಳುತ್ತಿದ್ದ ಅತ್ತೆಯಂದಿರಿಗೆ ಈಗ ವಿಜ್ಞಾನದ ಹೆಸರಲ್ಲಿ ಇನ್ನೊಂದು ಸಿಕ್ಕಿತು, ಅಷ್ಟೆ.

ಹಾಗಾದರೆ ಆ ಸಂಶೋಧನೆಗಳು ಬೆರಳು ತೋರಿಸುವುದು ಎತ್ತ? ಮಾಸಿನ ಕಡೆಗೆ, ಅಂದರೆ ಹೊಟ್ಟೆಯಲ್ಲಿ ತಾಯಿಗೂ ಮಗುವಿಗೂ ನಡುವೆ ಬೆಳೆಯುವ ಪ್ಲಾಸೆಂಟಾದ ಕಡೆಗೆ.

ಮಗು ಬಂದಮೇಲೆ ಹೆರಿಗೆ ಕೋಣೆಯಲ್ಲಿ ಎಲ್ಲರ ಕಣ್ಣೂ ಮಗುವಿನ ಮೇಲೆ. ನರ್ಸ್ ಮಾತ್ರ ಹೊಕ್ಕುಳಬಳ್ಳಿ ಹಿಡಿದು ಇನ್ನೂ ಕಾಯುತ್ತಿರುತ್ತಾರೆ. ಸ್ವಲ್ಪ ಹೊತ್ತಿಗೆ ಮಾಸು, ಅಂದರೆ ಕಸ, ಬೀಳುತ್ತದೆ. ಊಟದ ತಟ್ಟೆಯಷ್ಟು ಅಗಲ, ಅರ್ಧ ಕೆಜಿ ಆಸುಪಾಸು ತೂಕ, ಒಂದು ಬದಿ ನುಣುಪು, ಇನ್ನೊಂದು ಬದಿ ಗಂಟುಗಂಟು. ಒಳಗೆ ಚೂರು ಉಳಿದಿಲ್ಲವಷ್ಟೇ ಎಂದು ತಿರುವಿ ನೋಡಿ ಹಳದಿ ಚೀಲಕ್ಕೆ ಹಾಕುತ್ತಾರೆ. ಹಿಂದೆ ಹಿತ್ತಲಲ್ಲಿ ಗುಂಡಿ ತೋಡಿ ಹೂಳುತ್ತಿದ್ದರು. ಒಂಬತ್ತು ತಿಂಗಳು ಮಗುವಿನ ಶ್ವಾಸಕೋಶ, ಮೂತ್ರಪಿಂಡ, ಕರುಳು ಎಲ್ಲವೂ ಆಗಿದ್ದ ಅಂಗ ಅದು. ಅದು ಮಿದುಳಿಗೂ ಏನೋ ಕಳಿಸುತ್ತಿತ್ತು ಎಂಬುದು ಖಚಿತವಾಗತೊಡಗಿದ್ದು ತೀರ ಈಚೆಗೆ.

2011ರಲ್ಲಿ ಅಲೆಕ್ಸಾಂಡ್ರ್ ಬೊನ್ಯಾನ್ ಮತ್ತು ಪ್ಯಾಟ್ ಲೆವಿಟ್ ಅವರ ತಂಡ, ಇಲಿಗಳ ಭ್ರೂಣದ ಮುಂಮಿದುಳಿಗೆ ಶುರುವಿನ ದಿನಗಳಲ್ಲಿ ಸಿಗುವ, ಸೆರಟೋನಿನ್ ಎಂಬ ನರಗಳ ಸಂದೇಶ ಒಯ್ಯುವ ರಾಸಾಯನಿಕ ಮಾಸಿನಲ್ಲಿ ತಯಾರಾಗಿ ಬರುತ್ತದೆ ಎಂದು ತೋರಿಸಿತು. ಅದಾದ ಮೇಲೆ ಅನ್ನಾ ಪೆನ್ ಅವರ ಕೆಲಸ. ಪೆನ್ ಅವರು ನವಜಾತ ಶಿಶುಗಳ ವೈದ್ಯೆ, ಜೊತೆಗೆ ನರವಿಜ್ಞಾನಿ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳನ್ನು ಐಸಿಯುನಲ್ಲಿ ನೋಡಿಕೊಳ್ಳುವವರು. ಆ ಮಕ್ಕಳಿಗೆ ನಾವು ಆಮ್ಲಜನಕ ಕೊಡುತ್ತೇವೆ, ಹಾಲು ಕೊಡುತ್ತೇವೆ, ಬಿಸಿ ಕೊಡುತ್ತೇವೆ. ಆದರೆ ಮಾಸು ಕೊಡುತ್ತಿದ್ದ ಹಾರ್ಮೋನುಗಳು ಹೆರಿಗೆಯಾದ ಕ್ಷಣಕ್ಕೇ ನಿಂತುಹೋದವಲ್ಲ, ಅದರಿಂದ ಮಿದುಳಿಗೆ ಏನಾಗುತ್ತದೆ ಎಂಬುದು ಅವರ ಪ್ರಶ್ನೆ.

ಅವರು ಆರಿಸಿಕೊಂಡದ್ದು ಅಲೋಪ್ರೆಗ್ನನೊಲೋನ್ ಎಂಬ ಹಾರ್ಮೋನು. ಪ್ರೊಜೆಸ್ಟರೋನ್‌ನಿಂದ ಹುಟ್ಟುವ ಇದರ ಮಟ್ಟ ಬಸುರಿನ ಕೊನೆಯ ತಿಂಗಳುಗಳಲ್ಲಿ ಏರುತ್ತ ಹೋಗುತ್ತದೆ. ಬೆಳೆಯುವ ಮಿದುಳಿನ ನರಕೋಶಗಳನ್ನು ಅದು ಹದದಲ್ಲಿ ಇಡುತ್ತದೆ. ಪೆನ್ ಅವರ ತಂಡ ಮಾಸಿನಲ್ಲಿ ಮಾತ್ರ ಈ ಹಾರ್ಮೋನು ತಯಾರಾಗದಂತೆ ಇಲಿಗಳ ವಂಶವಾಹಿಯನ್ನು ತಿದ್ದಿತು. ಮರಿಯ ಮಿದುಳನ್ನು ಮುಟ್ಟಲಿಲ್ಲ, ತಾಯಿಯನ್ನೂ ಮುಟ್ಟಲಿಲ್ಲ. ಹುಟ್ಟಿದ ಮರಿಗಳ ಕಿರುಮಿದುಳಿನ ಬಿಳಿ ಭಾಗ, ಅಂದರೆ ನರತಂತುಗಳಿಗೆ ಹೊದಿಕೆ ಬೆಳೆಯುವ ಜಾಗ, ಬೇರೆಯಾಗಿತ್ತು. ಗಂಡು ಮರಿಗಳು ಬೇರೆ ಇಲಿಗಳ ಜೊತೆ ಬೆರೆಯುವುದು ಕಡಿಮೆಯಾಯಿತು, ಮಾಡಿದ್ದನ್ನೇ ಮಾಡುವುದು ಹೆಚ್ಚಾಯಿತು. ಬಸುರಿನ ಕೊನೆಯ ದಿನಗಳಲ್ಲಿ ಆ ಹಾರ್ಮೋನನ್ನು ಚುಚ್ಚಿ ಕೊಟ್ಟಾಗ ತೊಂದರೆ ತಗ್ಗಿತು. 2021ರಲ್ಲಿ ಇದು ನೇಚರ್ ನ್ಯೂರೋಸೈನ್ಸ್ ಪತ್ರಿಕೆಯಲ್ಲಿ ಬಂತು. ಅವಧಿಗೆ ಮುಂಚೆ ಹುಟ್ಟಿ ತೀರಿಕೊಂಡ ಗಂಡು ಶಿಶುಗಳ ಕಿರುಮಿದುಳಿನಲ್ಲೂ ಅದೇ ದಿಕ್ಕಿನ ಬದಲಾವಣೆ ಕಂಡದ್ದು ಆ ಲೇಖನದ ತೂಕ ಹೆಚ್ಚಿಸಿತು.

ಇಲಿ ಇಲಿಯೇ. ನಾಳೆ ಬೆಳಿಗ್ಗೆ ಯಾವ ಬಸುರಿಗೂ ಈ ಇಂಜೆಕ್ಷನ್ ಬರುವುದಿಲ್ಲ. ಆದರೂ ಈ ಪ್ರಯೋಗ ನನಗೆ ಮುಖ್ಯ ಅನ್ನಿಸುವುದು ಯಾಕೆಂದರೆ, ತೊಂದರೆ ಶುರುವಾಗುವ ಜಾಗವನ್ನು ಅದು ತಾಯಿಯ ನಡತೆಯಿಂದ ಕಿತ್ತು ಒಂದು ಅಂಗಕ್ಕೆ ತಂದಿತು. ಅಂಗ ಎಂದಮೇಲೆ ಅದನ್ನು ಅಳೆಯಬಹುದು, ಅದರ ಮೇಲೆ ಕಣ್ಣಿಡಬಹುದು, ಕೆಲವು ಸಲ ಕಾಪಾಡಲೂಬಹುದು.

ಕಣ್ಣಿಡುವುದಕ್ಕೆ ಹಾಸನದ ಉಪಕೇಂದ್ರದಲ್ಲಿ ಇರುವ ಉಪಕರಣವೇ ಸಾಕು: ಬಿಪಿ ಮಷಿನ್.

ಬಸುರಿನಲ್ಲಿ ಏರುವ ಬಿಪಿ ಅನೇಕ ಸಲ ಮಾಸಿನ ಕಾಯಿಲೆಯೇ. ಮೊದಲ ಅರ್ಧದಲ್ಲಿ, ಸುಮಾರು 20 ವಾರದೊಳಗೆ, ಮಾಸಿನ ಜೀವಕೋಶಗಳು ಗರ್ಭಕೋಶದ ಗೋಡೆಯೊಳಗೆ ಇಳಿದು ಅಲ್ಲಿನ ಸುರುಳಿ ರಕ್ತನಾಳಗಳನ್ನು ಅಗಲ ಮಾಡಬೇಕು. ಗದ್ದೆಗೆ ನೀರು ಬಿಡುವ ಮುಂಚೆ ಕಾಲುವೆಯ ಬಾಯಿ ಬಿಡಿಸಿಕೊಡುವ ಹಾಗೆ. ಕೆಲವರಲ್ಲಿ ಇದು ಅರೆಬರೆಯಾಗುತ್ತದೆ. ಆಗ ರಕ್ತ ಸಪೂರ ನಾಳದಲ್ಲಿ ಒತ್ತಡದಿಂದ ನುಗ್ಗುತ್ತದೆ, ಮಾಸು ಸೊರಗುತ್ತದೆ. ಸೊರಗಿದ ಮಾಸು ತಾಯಿಯ ರಕ್ತಕ್ಕೆ ಒಂದು ಪ್ರೋಟೀನನ್ನು ಬಿಡುತ್ತದೆ. ಅದು ತಾಯಿಯ ರಕ್ತನಾಳಗಳನ್ನು ಕೆಡಿಸಿ ಬಿಪಿ ಏರಿಸುತ್ತದೆ, ಮೂತ್ರದಲ್ಲಿ ಪ್ರೋಟೀನ್ ಸೋರುವಂತೆ ಮಾಡುತ್ತದೆ. ಭಾರತ ಮೂಲದ ವೈದ್ಯ ವಿಜ್ಞಾನಿ ಅನಂತ ಕರುಮಂಚಿ ಅವರ ತಂಡ 2003ರಲ್ಲಿ ಈ ಕೊಂಡಿಯನ್ನು ಹಿಡಿಯಿತು. ಎಸ್‌ಫ್ಲಿಟ್-1 ಎಂಬ ಆ ಪ್ರೋಟೀನಿನ ರಕ್ತಪರೀಕ್ಷೆಗೆ ಅಮೆರಿಕದಲ್ಲಿ 2023ರಲ್ಲಿ ಅನುಮತಿಯೂ ಸಿಕ್ಕಿದೆ. ವೈದ್ಯರು ಇದನ್ನು ಪ್ರಿ-ಎಕ್ಲಾಂಪ್ಸಿಯಾ ಎನ್ನುತ್ತಾರೆ, ಅಜ್ಜಿಯಂದಿರು ನಂಜು ಎನ್ನುತ್ತಿದ್ದರು. 20 ವಾರದ ನಂತರ ಬಿಪಿ 140/90 ದಾಟಿದರೆ ಎಚ್ಚರ ಶುರು. ಲೋಕದಲ್ಲಿ 100 ಬಸುರಿಯರಲ್ಲಿ 2ರಿಂದ 8 ಜನಕ್ಕೆ ಇದು ಬರುತ್ತದೆ. ಚೊಚ್ಚಲು ಬಸುರಿಯರಲ್ಲಿ ಹೆಚ್ಚು.

ಮಗುವಿನ ಮಿದುಳಿಗೆ ಇದರಿಂದ ಎಷ್ಟು ಹಾನಿ? ಇಲ್ಲಿ ಅಂಕಿಗಳನ್ನು ನಿಧಾನಕ್ಕೆ ಓದಬೇಕು. ಐರ್ಲೆಂಡಿನ ಕಾರ್ಕ್‌ನ ಗಿಲಿಯನ್ ಮಾಹೆರ್ ಮತ್ತು ಸಂಗಡಿಗರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ 2018ರಲ್ಲಿ ಬರೆದದ್ದು: ಬಸುರಿನ ಬಿಪಿ ತೊಂದರೆ ಇದ್ದ ತಾಯಂದಿರ ಮಕ್ಕಳಲ್ಲಿ ಆಟಿಸಂ ಸಾಧ್ಯತೆ ಸುಮಾರು 35 ಶೇಕಡ ಹೆಚ್ಚು, ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಸುಮಾರು 30 ಶೇಕಡ ಹೆಚ್ಚು. ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಲೆಕ್ಕಕ್ಕೆ ಅಂತ 1000 ಮಕ್ಕಳಲ್ಲಿ 10 ಮಕ್ಕಳಿಗೆ ಆಟಿಸಂ ಇದೆ ಎಂದಿಟ್ಟುಕೊಳ್ಳಿ. ತಾಯಿಗೆ ಬಿಪಿ ಇದ್ದ 1000 ಮಕ್ಕಳಲ್ಲಿ ಅದು 13 ಅಥವಾ 14 ಆಗುತ್ತದೆ. ಉಳಿದ 986 ಮಕ್ಕಳಿಗೆ ಆಟಿಸಂ ಇಲ್ಲ. ಅದೇ ಸಂಶೋಧಕರು ಮುಂದೆ ಸ್ವೀಡನ್ನಿನ ದಾಖಲೆಯಲ್ಲಿ ಒಡಹುಟ್ಟಿದವರನ್ನು ಹೋಲಿಸಿ ನೋಡಿದಾಗ ಆ ನಂಟು ಇನ್ನಷ್ಟು ತೆಳುವಾಯಿತು.

ಇದಕ್ಕಿಂತ ದೊಡ್ಡ ಪೆಟ್ಟು ಬೀಳುವುದು ಬೇರೆ ದಾರಿಯಲ್ಲಿ. ಪ್ರಿ-ಎಕ್ಲಾಂಪ್ಸಿಯಾಗೆ ಇವತ್ತಿಗೂ ಇರುವ ಮದ್ದು ಒಂದೇ, ಹೆರಿಗೆ ಮಾಡಿಸಿಬಿಡುವುದು. ತಾಯಿಯ ಜೀವಕ್ಕೆ ಕುತ್ತು ಬಂದರೆ 32 ವಾರಕ್ಕಾದರೂ ಮಗುವನ್ನು ತೆಗೆಯಬೇಕಾಗುತ್ತದೆ. 34ನೇ ವಾರದಲ್ಲಿ ಕೂಡ ಮಗುವಿನ ಮಿದುಳಿನ ತೂಕ ತಿಂಗಳು ತುಂಬಿದ ಮಗುವಿನದರ ಮೂರರಲ್ಲಿ ಎರಡು ಭಾಗದಷ್ಟೇ ಇರುತ್ತದೆ. ಉಳಿದದ್ದು ಕೊನೆಯ ಆರು ವಾರಗಳಲ್ಲಿ ತುಂಬಿಕೊಳ್ಳಬೇಕಾದ್ದು. ಪೆನ್ ಹುಡುಕುತ್ತಿರುವುದೂ ಆ ವಾರಗಳ ನಷ್ಟವನ್ನೇ. ಹಾಗಾಗಿ ಬಿಪಿಯನ್ನು ತಡೆಯುವುದು, ತಡೆಯಲಾಗದಿದ್ದರೆ ಮುಂದೂಡುವುದು ಮಿದುಳು ಉಳಿಸುವ ಕೆಲಸ.

ಮುಂದೂಡುವ ದಾರಿಯೂ ಗೊತ್ತಿದೆ. 2017ರ ಆಸ್ಪ್ರೆ ಪ್ರಯೋಗದಲ್ಲಿ, ಹೆಚ್ಚು ಅಪಾಯದ ಗರ್ಭಿಣಿಯರಿಗೆ 11ರಿಂದ 14ನೇ ವಾರದ ನಡುವೆ ಶುರುಮಾಡಿ ದಿನಕ್ಕೆ 150 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟಾಗ, 37 ವಾರದೊಳಗೇ ಹೆರಿಗೆ ಮಾಡಿಸಬೇಕಾಗುವಂಥ ಪ್ರಿ-ಎಕ್ಲಾಂಪ್ಸಿಯಾ 62 ಶೇಕಡ ಇಳಿಯಿತು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಭಾಗವಹಿಸಿದ್ದ ಇನ್ನೊಂದು ಅಂತರರಾಷ್ಟ್ರೀಯ ಪ್ರಯೋಗದಲ್ಲಿ ಚೊಚ್ಚಲು ಬಸುರಿಯರಿಗೆ ಕಡಿಮೆ ಪ್ರಮಾಣದ ಆಸ್ಪಿರಿನ್ ಕೊಟ್ಟು ನೋಡಿದರು. ಅವಧಿಪೂರ್ವ ಹೆರಿಗೆ 11 ಶೇಕಡ ಕಡಿಮೆಯಾಯಿತು ಎಂದು 2020ರಲ್ಲಿ ವರದಿಯಾಯಿತು. ಬಹಳ ಅಗ್ಗದ ಮಾತ್ರೆ. ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನು ವೈದ್ಯರೇ ಹೇಳಬೇಕು, ಮೆಡಿಕಲ್ ಸ್ಟೋರಿನವರಲ್ಲ. ಅದಕ್ಕಿಂತ ಮುಖ್ಯ, ಅದನ್ನು 16 ವಾರದೊಳಗೆ ಶುರುಮಾಡಬೇಕು, ಮಾಸು ಬೇರು ಬಿಡುವ ಹೊತ್ತಿಗೆ. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು, ದೃಷ್ಟಿಯಾಗುತ್ತದೆ ಎಂದು ಆಶಾ ಕಾರ್ಯಕರ್ತೆಯಿಂದಲೂ ಮುಚ್ಚಿಡುವ ಮನೆಗಳಲ್ಲಿ ಈ ಬಾಗಿಲು ತೆರೆಯುವ ಮೊದಲೇ ಮುಚ್ಚಿರುತ್ತದೆ.

ಇನ್ನೊಂದು ಸಂಗತಿಯನ್ನು ನಮ್ಮ ಕಡೆ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಪ್ರಿ-ಎಕ್ಲಾಂಪ್ಸಿಯಾ ಹೆಚ್ಚು ಬರುವುದು ಮೊದಲ ಬಸುರಿನಲ್ಲಿ. ಮೊದಲ ಹೆರಿಗೆ ತವರಲ್ಲಿ ಆಗಬೇಕು ಎಂಬುದು ನಮ್ಮ ಪದ್ಧತಿ. ಏಳಕ್ಕೋ ಒಂಬತ್ತಕ್ಕೋ ಸೀಮಂತ ಮಾಡಿ, ಮಡಿಲು ತುಂಬಿ, ಹುಡುಗಿಯನ್ನು ಕಳಿಸಿಕೊಡುತ್ತಾರೆ. ಕಾಯಿಲೆ ತಲೆ ಎತ್ತುವುದು ಅದೇ ತಿಂಗಳುಗಳಲ್ಲಿ. ಚನ್ನರಾಯಪಟ್ಟಣದ ಹುಡುಗಿಯನ್ನು ಕಡೂರಿಗೆ ಕೊಟ್ಟಿದೆ ಎಂದುಕೊಳ್ಳಿ. ಹತ್ತನೇ ವಾರದಲ್ಲಿ ಕಡೂರಿನ ಆರೋಗ್ಯ ಕೇಂದ್ರದಲ್ಲಿ ಬಿಪಿ 100/60. ಇಪ್ಪತ್ತೆಂಟನೇ ವಾರಕ್ಕೆ 116/76. ಸೀಮಂತ ಮುಗಿಸಿ ಚನ್ನರಾಯಪಟ್ಟಣಕ್ಕೆ ಬಂದಾಗ ಅಲ್ಲಿನ ನರ್ಸ್ ಪಟ್ಟಿ ಕಟ್ಟಿ ನೋಡಿದರೆ 132/86. ಆ ಒಂದು ಅಂಕಿಯನ್ನಷ್ಟೇ ನೋಡಿದರೆ 140 ದಾಟಿಲ್ಲ, ನಾರ್ಮಲ್ ಎಂದು ಬರೆದು ಮುಂದಿನ ತಿಂಗಳು ಬನ್ನಿ ಎನ್ನಬಹುದು. ಮೂರನ್ನೂ ಸಾಲಾಗಿ ನೋಡಿದವರು ಮಾತ್ರ ವಾರದೊಳಗೆ ಮತ್ತೆ ಬಾ, ಮೂತ್ರ ಪರೀಕ್ಷೆ ಮಾಡೋಣ ಎನ್ನುತ್ತಾರೆ. ತಾಯಿ ಕಾರ್ಡಿನಲ್ಲಿ ಆರ್‌ಸಿಎಚ್ ನಂಬರ್ (ಗರ್ಭಿಣಿಯ ಸರ್ಕಾರಿ ನೋಂದಣಿ ಸಂಖ್ಯೆ) ಇದೆ, ಕಂಪ್ಯೂಟರಿನಲ್ಲಿ ಮಾಹಿತಿಯೂ ಇದೆ. ಆದರೂ ಹೊರರೋಗಿಗಳ ಸಾಲು ಬಾಗಿಲಾಚೆ ನಿಂತಿರುವಾಗ ಕೆಲಸಕ್ಕೆ ಬರುವುದು ಹುಡುಗಿ ಚೀಲದಿಂದ ತೆಗೆದುಕೊಡುವ ಆ ಕಾರ್ಡ್. ಸೀಮಂತದ ಸೀರೆ, ಬಳೆ, ಕೊಬ್ಬರಿ ಗಿಟುಕು ಎಲ್ಲ ನೆನಪಿಟ್ಟು ಕಟ್ಟುವವರು ಅದನ್ನು ಗಂಡನ ಮನೆಯ ಬೀರುವಿನಲ್ಲಿ ಬಿಟ್ಟು ಬರುವುದುಂಟು.

ಮಲೆನಾಡಿನ ಕಡೆ ತೊಡಕು ಇನ್ನೊಂದು ಬಗೆಯದು. ಮೂಡಿಗೆರೆ, ಕಳಸ, ಕೊಪ್ಪ, ಸಕಲೇಶಪುರದ ಎಸ್ಟೇಟ್ ಲೈನ್ ಮನೆಗಳಲ್ಲಿ ಈಗ ಅಸ್ಸಾಂ ಮತ್ತಿತರ ಕಡೆಯಿಂದ ಬಂದ ಕುಟುಂಬಗಳೂ ಇವೆ. ಕಾಫಿ ಹಣ್ಣಿನ ಕೊಯ್ಲಿನ ಕಾಲದಲ್ಲಿ ಒಂದು ದಿನ ಆಸ್ಪತ್ರೆಗೆ ಹೋದರೆ ಆ ದಿನದ ಕೂಲಿ ಹೋಯಿತು. ಜುಲೈ ಮಳೆಯಲ್ಲಿ ಮರ ಬಿದ್ದು ದಾರಿ ಕಟ್ಟಿದರೆ 108 ಬಂದರೂ ಮುಂದೆ ಹೋಗಲಾರದು. ಪ್ರಿ-ಎಕ್ಲಾಂಪ್ಸಿಯಾ ಹದಗೆಟ್ಟು ಫಿಟ್ಸ್ ಬಂದಮೇಲೆ ಘಟ್ಟ ಇಳಿದು ಮಂಗಳೂರಿಗೆ ಓಡುವುದಕ್ಕಿಂತ, ಮೊದಲ ಡೋಸ್ ಮೆಗ್ನೀಸಿಯಂ ಸಲ್ಫೇಟ್ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಕೊಟ್ಟು ಕಳಿಸುವುದು ಎಷ್ಟೋ ಮೇಲು. ಈ ಇಂಜೆಕ್ಷನ್ ಫಿಟ್ಸ್‌ನ ಅಪಾಯವನ್ನು ಅರ್ಧಕ್ಕಿಂತ ಕೆಳಗಿಳಿಸುತ್ತದೆ ಎಂದು 2002ರ ಮ್ಯಾಗ್‌ಪೈ ಪ್ರಯೋಗ ತೋರಿಸಿದೆ. ಬೇಗ ಹುಟ್ಟಲಿರುವ ಮಗುವಿನಲ್ಲಿ ಸೆರೆಬ್ರಲ್ ಪಾಲ್ಸಿ (ಮಿದುಳಿನ ಹಾನಿಯಿಂದ ಕೈಕಾಲಿನ ಚಲನೆ ಕುಂದುವ ತೊಂದರೆ) ಬರುವುದನ್ನೂ ಇದು ತಗ್ಗಿಸುತ್ತದೆ ಎಂಬುದು ಆಮೇಲೆ ಗೊತ್ತಾಯಿತು.

ಬಿಪಿಯಷ್ಟು ಸದ್ದು ಮಾಡದ, ಆದರೆ ಇನ್ನೂ ಹೆಚ್ಚು ಜನರನ್ನು ಹಿಡಿದಿರುವ ತೊಂದರೆ ರಕ್ತಹೀನತೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ದೇಶದ ಗರ್ಭಿಣಿಯರಲ್ಲಿ 52.2 ಶೇಕಡ ಜನಕ್ಕೆ ಇದೆ. ಕರ್ನಾಟಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು. ಕಬ್ಬಿಣ ಬರೀ ರಕ್ತಕ್ಕಲ್ಲ, ಮಿದುಳಿಗೂ ಬೇಕು. ನೆನಪಿನ ಕೆಲಸ ಮಾಡುವ ಹಿಪ್ಪೊಕ್ಯಾಂಪಸ್ ಬೆಳೆಯುವಾಗ ಕಬ್ಬಿಣ ಸಾಲದಿದ್ದರೆ ಆಮೇಲೆ ಕೊಟ್ಟರೂ ಪೂರ್ತಿ ಸರಿಹೋಗುವುದಿಲ್ಲ ಎಂದು ಮಿನೆಸೋಟದ ಮೈಕೆಲ್ ಜಾರ್ಜಿಫ್ ಪ್ರಾಣಿಗಳಲ್ಲಿ ತೋರಿಸಿದ್ದಾರೆ. ಕರ್ನಾಟಕ ಮತ್ತು ರಾಜಸ್ಥಾನದಲ್ಲಿ ನಡೆದ ರ‍್ಯಾಪಿಡ್‌ಐರನ್ ಪ್ರಯೋಗದಲ್ಲಿ ಗರ್ಭಿಣಿಯರಿಗೆ ಮಾತ್ರೆಯ ಬದಲು ಒಂದೇ ಸಲ ಡ್ರಿಪ್‌ನಲ್ಲಿ ಕಬ್ಬಿಣ ಕೊಟ್ಟು ನೋಡಿದ್ದಾರೆ. ಆ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಅಳೆಯುವ ಮುಂದುವರಿದ ಅಧ್ಯಯನವೂ ಅದಕ್ಕೆ ಸೇರಿದೆ.

ಕಾಫಿ ಸೀಮೆಯವರು ಇಲ್ಲಿ ಒಂದು ಮಾತು ಕೇಳಿಸಿಕೊಳ್ಳಬೇಕು. ಸರ್ಕಾರ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇದೆ. ಬೆಳಿಗ್ಗೆ ಕಾಫಿ ಜೊತೆ ನುಂಗಿದರೆ ಕಾಫಿಯಲ್ಲಿನ ಅಂಶಗಳು ಅದನ್ನು ಕರುಳಲ್ಲೇ ಹಿಡಿದಿಟ್ಟು ಬಹುಪಾಲು ಹೊರಗೆ ಕಳಿಸುತ್ತವೆ. ಟೀ ಇನ್ನೂ ಜೋರು. ಕ್ಯಾಲ್ಸಿಯಂ ಮಾತ್ರೆಯನ್ನೂ ಜೊತೆಗೆ ನುಂಗಬಾರದು. ಎರಡು ಗಂಟೆ ಅಂತರ ಕೊಟ್ಟು, ನಿಂಬೆಹಣ್ಣಿನ ಪಾನಕದ ಜೊತೆ ತೆಗೆದುಕೊಂಡರೆ ಹೆಚ್ಚು ಮೈಗೆ ಹತ್ತುತ್ತದೆ. ಮಲ ಕಪ್ಪಾಗುತ್ತದೆ, ಕೆಲವರಿಗೆ ಮಲಬದ್ಧತೆ, ಬಾಯಲ್ಲಿ ತುಕ್ಕಿನ ರುಚಿ. ಇದನ್ನು ಮೊದಲೇ ಹೇಳದೆ ಸ್ಟ್ರಿಪ್ ಕೈಗಿಟ್ಟರೆ ಅವು ಅಡುಗೆಮನೆ ಅಟ್ಟದಲ್ಲಿ ಉಳಿಯುತ್ತವೆ. ಆಗ ಹುಡುಗಿ ಮಾತು ಕೇಳಲ್ಲ ಎಂದು ದೂರುವುದು ಅನ್ಯಾಯ.

ಮೈಸೂರಿನ ಮಾತು ಬಾಕಿ ಇದೆ. ಹಾಸನದಿಂದ ಮೂರು ಗಂಟೆ ದಾರಿಯ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಹಳಬರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದಲೂ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಸುತ್ತಳತೆ ಬರೆದಿಟ್ಟಿತ್ತು. ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ದೊಡ್ಡವರಾದ ಮೇಲೆ ಹೃದಯದ ಕಾಯಿಲೆ ಹೆಚ್ಚು ಎಂದು ಇಂಗ್ಲೆಂಡಿನ ಡೇವಿಡ್ ಬಾರ್ಕರ್ ಹೇಳಿದಾಗ, ಭಾರತದಲ್ಲಿ ಅದನ್ನು ಪರೀಕ್ಷಿಸಲು ಒದಗಿದ್ದು ಈ ಲೆಡ್ಜರುಗಳು. 1997–98ರಲ್ಲಿ ಅಲ್ಲೇ ಪಾರ್ಥೆನಾನ್ ಅಧ್ಯಯನ ಶುರುವಾಯಿತು. ಗರ್ಭಿಣಿಯರ ಶುಗರ್, ಜೊತೆಗೆ ಫೋಲೇಟ್ ಮತ್ತು ಬಿ12 ಎಂಬ ಜೀವಸತ್ವಗಳ ಮಟ್ಟ ಅಳೆದು, ಮಕ್ಕಳಿಗೆ ಒಂಬತ್ತು-ಹತ್ತು ವರ್ಷವಾದಾಗ ಕಲಿಕೆಯ ಪರೀಕ್ಷೆ ಮಾಡಿದರು. ಫೋಲೇಟ್ ಹೆಚ್ಚಿದ್ದ ತಾಯಂದಿರ ಮಕ್ಕಳ ಅಂಕ ಮೇಲಿತ್ತು. ಬಿ12ಗೆ ಅಂಥ ನಂಟು ಕಾಣಲಿಲ್ಲ. ಆಶ್ಚರ್ಯ ಶುಗರಿನದು. ಬಸುರಿನಲ್ಲಿ ಸಕ್ಕರೆ ಕಾಯಿಲೆ ಬಂದಿದ್ದ ತಾಯಂದಿರ ಮಕ್ಕಳು ಕೆಲವು ಪರೀಕ್ಷೆಗಳಲ್ಲಿ ಉಳಿದವರಿಗಿಂತ ಮುಂದಿದ್ದರು! ಆ ಗುಂಪಿನಲ್ಲಿ ಇದ್ದದ್ದು 32 ಮಕ್ಕಳು ಮಾತ್ರ, ಹಾಗಾಗಿ ಶುಗರ್ ಒಳ್ಳೆಯದು ಎಂದು ಯಾರೂ ಕುಣಿಯಬೇಕಿಲ್ಲ. ಆದರೆ ಬಸುರಿನಲ್ಲಿ ಶುಗರ್ ಬಂತು, ಮಗು ದಡ್ಡ ಆಗುತ್ತದೆ ಎಂದು ಹೆದರಿಸುವವರಿಗೆ ಕೊಡಲು ನಮ್ಮ ನೆಲದ್ದೇ ಉತ್ತರ ಇದೆ.

ಹೆರಿಗೆಯಾದ ಮೇಲಿನ ಕಥೆಗೆ ಬಂದರೆ, ತಾಯಿ ಕಾರ್ಡ್ ಎಂದು ನಾವು ಕರೆಯುವುದು ನಿಜವಾಗಿ ತಾಯಿ-ಮಗುವಿನ ಕಾರ್ಡ್. ಮುಂದಿನ ಪುಟಗಳಲ್ಲಿ ಅವಳ ಬಿಪಿ, ಹಿಮೋಗ್ಲೋಬಿನ್. ಹಿಂದಿನ ಪುಟಗಳಲ್ಲಿ ಮಗುವಿನ ತೂಕದ ಗೆರೆ, ಯಾವ ತಿಂಗಳಿಗೆ ನಗಬೇಕು, ಕೂರಬೇಕು, ನಿಲ್ಲಬೇಕು ಎಂಬ ಚಿತ್ರಗಳು. ಅಂಗನವಾಡಿಯಲ್ಲಿ ತೂಕ ಹಾಕಿ ಗೆರೆ ಎಳೆಯುತ್ತಾರೆ. ಈ ಮಗುವಿನ ತಾಯಿಗೆ ಬಿಪಿ ಇತ್ತಾ, 33 ವಾರಕ್ಕೆ ಹುಟ್ಟಿದ್ದಾ ಎಂದು ಪುಟ ಹಿಂದಕ್ಕೆ ತಿರುವುವುದು ಅಪರೂಪ. ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಕೇಂದ್ರಗಳು, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಇರುವುದೇ ಇಂಥ ಮಕ್ಕಳಿಗಾಗಿ. ಎಂಟು ತಿಂಗಳಿಗೆ ಕೂರದ ಮಗುವಿಗೆ ಆಗಲೇ ಫಿಸಿಯೋಥೆರಪಿ ಶುರುಮಾಡುವುದಕ್ಕೂ, ನಮ್ಮ ಮನೆತನದಲ್ಲಿ ಎಲ್ಲರೂ ತಡವಾಗೇ ನಡೆದದ್ದು ಎಂದು ಎರಡು ವರ್ಷ ಕಾಯುವುದಕ್ಕೂ ವ್ಯತ್ಯಾಸ ದೊಡ್ಡದು.

ತಾಯಿಯ ಪುಟವೂ ಅಲ್ಲಿಗೆ ಮುಚ್ಚಬಾರದು. 2025ರ ಜೂನ್-ಜುಲೈನಲ್ಲಿ ಹಾಸನದಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಸಾಲುಸಾಲಾಗಿ ಬಂದು, ಜನ ಮೈಸೂರಿನ ಜಯದೇವ ಆಸ್ಪತ್ರೆಗೆ ಮುಗಿಬಿದ್ದರು. ಸರ್ಕಾರ ನೇಮಿಸಿದ ತಜ್ಞರ ಸಮಿತಿ, ಸಾವುಗಳು ಅಸಹಜವಾಗಿ ಏರಿಲ್ಲ ಎಂದಿತು. ಆ ಗದ್ದಲದಲ್ಲಿ ಲಸಿಕೆ, ಜಿಮ್, ಬಿರಿಯಾನಿ ಎಲ್ಲದರ ಬಗ್ಗೆ ಚರ್ಚೆಯಾಯಿತು. ಪ್ರಿ-ಎಕ್ಲಾಂಪ್ಸಿಯಾ ಬಂದ ಹೆಂಗಸಿಗೆ ಮುಂದೆ ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯ ಸುಮಾರು ಎರಡು ಪಟ್ಟು ಎಂಬುದು 2007ರಿಂದಲೂ ತಿಳಿದ ವಿಷಯ. ಯಾರಿಗೆ ಬಂದಿತ್ತು ಎಂಬ ಪಟ್ಟಿಯೂ ಪ್ರತಿ ಆರೋಗ್ಯ ಕೇಂದ್ರದ ಹೆರಿಗೆ ರಿಜಿಸ್ಟರಿನಲ್ಲಿದೆ. ಆ ಹೆಂಗಸರನ್ನು ವರ್ಷಕ್ಕೊಮ್ಮೆ ಕರೆದು ಬಿಪಿ, ಶುಗರ್ ನೋಡಲು ಹೊಸ ಯೋಜನೆ, ಹೊಸ ಕಟ್ಟಡ ಯಾವುದೂ ಬೇಡ. ಮಗುವಿನ ಒಂಬತ್ತನೇ ತಿಂಗಳ ದಡಾರ ಲಸಿಕೆಗೆ ಅವಳು ಹೇಗೂ ಉಪಕೇಂದ್ರಕ್ಕೆ ಬರುತ್ತಾಳೆ, ಬಿಪಿ ಮಷಿನ್ ಅದೇ ಮೇಜಿನ ಮೇಲಿರುತ್ತದೆ.